ಅಡ್ಡಹೆಸರಿನ ಬೆನ್ನು ಹತ್ತಿದವರು

ಅಡ್ಡಹೆಸರು ಮನೆತನದ ಮೂಲಕ್ಕೆ ಕೈಮರ ಎಂಬ ಮಾತು ನಮ್ಮ ಕಡೆ ವಂಶವೃಕ್ಷ ಬರೆಯುವವರ ಬಾಯಲ್ಲೆಲ್ಲ ಇದೆ. ಹಾನಗಲ್ಲ, ಸವಣೂರ, ಹಿರೇಕೆರೂರ, ಶಿಗ್ಗಾವಿ ಎಂದು ಕಂಡರೆ ಮುಗಿಯಿತು: ಆ ಊರಿಗೆ ಹೋಗಿ ಜಮೀನಿನ ಉತಾರ ತೆಗೆಸುವುದು, ಅದೇ ಅಡ್ಡಹೆಸರಿನ ಗಂಡಸರನ್ನು ಒಬ್ಬರ ಮೇಲೊಬ್ಬರಂತೆ ಏರಿಸುವುದು. ಈ ಪದ್ಧತಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು.

ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರನ್ನೇ ಇದಕ್ಕೆ ಒಡ್ಡಿ ನೋಡಿ. ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ, ಗಂಡ ಗುರುರಾವ್ ಕೌಲಗಿ. ಹಾನಗಲ್ಲು ಇಬ್ಬರದೂ ಅಲ್ಲ, ತಾಯಿ ಅಂಬಾಬಾಯಿಯ ಕಡೆಯದು. ಮಗಳು ಕೃಷ್ಣಾ ಕೂಡ ಹಾನಗಲ್ಲೇ. ಗಂಡಸರ ಜಾಡು ಹಿಡಿದು ಆ ಊರಿಗೆ ಹೋದವನಿಗೆ ಇಲ್ಲದ ಅಜ್ಜನೊಬ್ಬ ಸಿಕ್ಕೇ ಸಿಗುತ್ತಾನೆ! ಸ್ಪೇನಿನ ರೂಢಿಯಂತೆ ಆಕೆ ‘ನಾಡಿಗೇರ ಹಾನಗಲ್’ ಆಗುತ್ತಿದ್ದರು. ಪೋರ್ಚುಗಲ್ಲಿನವರು ತಾಯಿಯದನ್ನು ಮುಂದಿಟ್ಟು ‘ಹಾನಗಲ್ ನಾಡಿಗೇರ’ ಎನ್ನುತ್ತಿದ್ದರು. ಮುಂದಿನ ತಲೆಮಾರಿಗೆ ದಾಟುವುದು ಅಲ್ಲಿಯೂ ಹೆಚ್ಚಾಗಿ ತಂದೆಯದೇ, ಆದರೂ ಒಂದು ತಲೆಮಾರಿನ ಮಟ್ಟಿಗೆ ಎರಡೂ ಬಳ್ಳಿ ಕಣ್ಣೆದುರಿಗಿರುತ್ತವೆ. ನಮ್ಮಲ್ಲಿ ಉಳಿಯುವುದು ಒಂದೇ. ಅದು ಯಾರ ಕಡೆಯದೆಂದು ಕೇಳುವ ಅಭ್ಯಾಸವೂ ಇಲ್ಲ. ನಾನು ನೋಡಿದ ಮನೆತನದ ಪುಸ್ತಕಗಳಲ್ಲಿ ಸೊಸೆಯಂದಿರ ತವರೂರಿಗೆ ಜಾಗವೇ ಇಲ್ಲ.

ಕವಿ ವಿ. ಕೃ. ಗೋಕಾಕರ ಹೆಸರಿನಲ್ಲಿರುವ ಊರು ಗೋಕಾಕ, ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ. ಊರಿನ ಹೆಸರು ಅಂಟುವುದು ಊರು ಬಿಟ್ಟ ಮೇಲೆ; ಬಿಟ್ಟದ್ದು ಯಾವಾಗ, ಯಾಕೆ ಎಂಬುದನ್ನು ಅದು ಹೇಳದು. ಚಿತ್ರನಟ ಎ. ಕೆ. ಹಾನಗಲ್ ಅವರಂತೂ ಸಿಯಾಲ್‌ಕೋಟದಲ್ಲಿ ಹುಟ್ಟಿದ ಕಾಶ್ಮೀರಿ ಪಂಡಿತರು. ಅವರನ್ನೂ ನಮ್ಮವರೆಂದು ಎಳೆದುಕೊಂಡವರಿದ್ದಾರೆ.

ಈ ಪದ್ಧತಿಗೆ ಎದುರು ನಿಂತವರ ವಾದ ಇನ್ನೂ ಸಡಿಲ. ಅಡ್ಡಹೆಸರೆಲ್ಲ ಬ್ರಿಟಿಷರ ಕಾಲದ ಕಾರಕೂನರು ಹಚ್ಚಿದ್ದಂತೆ, ಅದಕ್ಕೆ ಬೆಲೆಯಿಲ್ಲವಂತೆ. 1818ರಲ್ಲಿ ಧಾರವಾಡ ಸೀಮೆ ಕಂಪನಿಯ ಕೈಗೆ ಬರುವುದಕ್ಕೆ ಮೊದಲೇ ದೇಸಾಯಿ, ನಾಡಿಗೇರ, ಕುಲಕರ್ಣಿ ಎಂಬ ವತನದಾರರಿರಲಿಲ್ಲವೇ? ವತನ ಇದ್ದಲ್ಲಿ ವಾರಸುದಾರಿಕೆಯ ಜಗಳವಿತ್ತು. ಜಗಳವಿದ್ದಲ್ಲಿ ಕಾಗದ ಹುಟ್ಟಿತು. ಆ ಕಾಗದ ಓದಲು ಮೋಡಿ ಲಿಪಿ ಕಲಿಯಬೇಕು, ಕಾರಕೂನರನ್ನು ಬೈಯಲು ಏನೂ ಕಲಿಯಬೇಕಿಲ್ಲ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು ಎಂಬುದನ್ನೂ ಮರೆತು ಎರಡೂ ಪಕ್ಷದವರು ಎಲ್ಲವನ್ನೂ ಧಾರವಾಡ ಜಿಲ್ಲೆಯ ಹಳೇ ದಫ್ತರದಲ್ಲೇ ಹುಡುಕುತ್ತಾರೆ.

ಎತ್ತಿನ ಮೇಲೆ ಬಂದು ಮನೆತನ ಹೇಳುವ ಹೆಳವರ ಮಾತು ಮಾತ್ರ ಇಬ್ಬರಿಗೂ ಬೇಡ. ಹೆಳವ ಬರೀ ಅಡ್ಡಹೆಸರಿಗೆ ನಿಲ್ಲುವುದಿಲ್ಲ. ಬೆಡಗು ಹೇಳುತ್ತಾನೆ, ಮೂಲದ ಊರು ಹೇಳುತ್ತಾನೆ, ಅಣ್ಣತಮ್ಮಂದಿರು ಒಡೆದು ಹೋದ ದಿಕ್ಕು ಹೇಳುತ್ತಾನೆ. ನಮ್ಮ ಸಂಶೋಧಕರು ಅವನಿಗೆ ಜೋಳ ಹಾಕಿ ಕಳಿಸಿ, ಉತಾರ ತರಲು ತಹಶೀಲ್ದಾರ ಕಚೇರಿಗೆ ಹೊರಡುತ್ತಾರೆ.