ಶಿಖರವೂ ಹೊರೆಯೂ

ಪರ್ವತಾರೋಹಣ ಸಾಹಿತ್ಯದಲ್ಲಿ ಶಿಖರಕ್ಕೆ ಸಂದ ಗೌರವ ಹೊರೆ ಹೊತ್ತವನಿಗೆ ಸಂದಿಲ್ಲ. 1953ರ ಎವರೆಸ್ಟ್ ಆರೋಹಣವನ್ನು ಕುರಿತ ಎರಡು ಗ್ರಂಥಗಳನ್ನು ಒಟ್ಟಿಗಿಟ್ಟು ಓದಿದರೆ ಈ ಮಾತು ಮನವರಿಕೆಯಾಗುವುದು. ತಂಡದ ನಾಯಕರಾದ ಜಾನ್ ಹಂಟರು ಅದೇ ವರ್ಷ ಪ್ರಕಟಿಸಿದ ‘ದಿ ಅಸೆಂಟ್ ಆಫ್ ಎವರೆಸ್ಟ್’ ಒಂದು. ತೇನ್‌ಸಿಂಗ್ ನೋರ್ಗೆಯವರು ಹೇಳಿ, ಜೇಮ್ಸ್ ರಾಮ್ಸೆ ಉಲ್ಮನ್ ಬರೆದುಕೊಂಡ ‘ಮ್ಯಾನ್ ಆಫ್ ಎವರೆಸ್ಟ್’ (1955) ಇನ್ನೊಂದು.

ಹಂಟರು ಸೇನಾಧಿಕಾರಿಗಳು. ಅವರ ಕಥನದಲ್ಲಿ ಆರೋಹಣವೆಂಬುದು ಯೋಜನೆ, ಸರಬರಾಜು, ಆಮ್ಲಜನಕ, ಶಿಬಿರಗಳ ಸುಸಂಬದ್ಧ ವ್ಯವಸ್ಥೆ. ಶೆರ್ಪಾಗಳನ್ನು ಅವರು ಮನಸಾರೆ ಹೊಗಳುತ್ತಾರೆ. ಆದರೆ ಅದು ನೆರವಾದವರಿಗೆ ಸಲ್ಲುವ ಹೊಗಳಿಕೆ. ತೇನ್‌ಸಿಂಗರಾದರೋ ಓದುಬರಹ ಕಲಿಯದವರು, ಬದುಕನ್ನರಸಿ ಖುಂಬುವಿನಿಂದ ಡಾರ್ಜಿಲಿಂಗಿಗೆ ವಲಸೆ ಬಂದವರು. ಅವರಿಗೆ ಪರ್ವತವು ಕನಸೂ ಹೌದು, ಕೂಲಿಯೂ ಹೌದು. ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಶೆರ್ಪಾಗಳಿಗೆ ಗ್ಯಾರೇಜಿನಲ್ಲಿ ಮಲಗುವ ಏರ್ಪಾಡಾದುದನ್ನು ಅವರು ಮರೆಯುವುದಿಲ್ಲ. ತುದಿಯಲ್ಲಿ ಮೊದಲು ಕಾಲಿಟ್ಟವರು ಹಿಲರಿಯೆಂಬುದನ್ನು ಮರೆಮಾಚುವುದೂ ಇಲ್ಲ. ಈ ಸತ್ಯನಿಷ್ಠೆಯೇ ಗ್ರಂಥದ ಸತ್ತ್ವ. ಆದರೂ ಆ ದನಿ ಲೋಕವನ್ನು ಮುಟ್ಟಿದುದು ಪರರ ಭಾಷೆಯಲ್ಲಿ, ಪರರ ಲೇಖನಿಯಿಂದ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮುಂದಿನ ಇತಿಹಾಸ ಈ ಗ್ರಂಥಗಳಿಗೆ ಬೇರೊಂದು ಅರ್ಥವನ್ನು ಕೊಟ್ಟಿತು. ಹಿಲರಿಯವರ ಶ್ರಮದಿಂದ 1961ರಲ್ಲಿ ಖುಮ್‌ಜುಂಗಿಗೆ ಶಾಲೆ ಬಂದಿತು. 1964ರಲ್ಲಿ ಲುಕ್ಲಾದಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧವಾಯಿತು. ಅದೇ ಪಟ್ಟಿಯ ಮೇಲೆ ಸಾಹಸಪ್ರಿಯರ ಪ್ರವಾಹವೂ ಬಂದಿಳಿಯಿತು. ಅವರಿಂದ ಸಂಪಾದನೆ ಹೆಚ್ಚಿತು. ಅವರ ಒಲೆಗಳಿಗಾಗಿ ಕಾಡು ತೆಳುವಾಯಿತು. 1976ರಲ್ಲಿ ಸಗರಮಾಥಾ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಪ್ರತಿ ಆರೋಹಿಯೂ 8 ಕಿಲೋ ಕಸವನ್ನು ಕೆಳಗೆ ತರಬೇಕೆಂದು 2014ರಲ್ಲಿ ನೇಪಾಳ ಸರಕಾರ ವಿಧಿಸಬೇಕಾಯಿತು.

ಅದೇ ವರ್ಷದ ಏಪ್ರಿಲ್ 18ರಂದು ಖುಂಬು ಹಿಮಪಾತದ ಹಾದಿಯಲ್ಲಿ ಕುಸಿದ ಹಿಮರಾಶಿ 16 ಮಂದಿಯನ್ನು ಬಲಿಗೊಂಡಿತು. ಎಲ್ಲರೂ ನೇಪಾಳಿಗಳು, ಪರರ ಆರೋಹಣಕ್ಕಾಗಿ ದುಡಿಯುತ್ತಿದ್ದವರು. ಸರಕಾರ ಮೊದಲು ಘೋಷಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಡಿದೆದ್ದರು, ಆ ವಸಂತದಲ್ಲಿ ದಕ್ಷಿಣದ ಹಾದಿಯ ಆರೋಹಣಗಳು ಬಹುಮಟ್ಟಿಗೆ ನಿಂತುಹೋದವು. ತೇನ್‌ಸಿಂಗರು ಸಂಯಮದಿಂದ ನುಡಿದುದನ್ನು ಅವರ ಜನ ಬಹಿರಂಗವಾಗಿ ಕೇಳಿದರು.

ಆದ್ದರಿಂದ ಸಾಹಸಕಥನದ ಮೌಲ್ಯವನ್ನು ಏರಿದ ಎತ್ತರವೊಂದರಿಂದಲೇ ಅಳೆಯಲಾಗದು. ಹೊರೆ ಹೊತ್ತವರು ಯಾರು, ಬೆಟ್ಟದಲ್ಲಿ ಉಳಿದುದೇನು ಎಂಬುದನ್ನು ಹೇಳದ ಕಥನ ಅಪೂರ್ಣ. ಹಂಟರ ಗ್ರಂಥ ವಿಜಯದ ದಾಖಲೆಯಾಗಿ ನಿಲ್ಲುವುದು. ತೇನ್‌ಸಿಂಗರ ಗ್ರಂಥವನ್ನು ಇಂದಿಗೂ ತಿರುಗಿ ಓದಬೇಕಾಗಿರುವುದು.