ಕಾಯಿ ಅಲ್ಲಾಡಿಸಿದಾಗ ಕೇಳುವ ಕನ್ನಡ

ಈ ಅಂಕಣ ಪಡ್ಡೆ ಹುಡುಗರ ‘ಠುಸ್’, ‘ಢಮಾರ್’, ‘ಕಿರಿಕ್’ಗಳ ಬಗ್ಗೆ ಇರಬೇಕಿತ್ತು. ಅವು ಬರುತ್ತವೆ. ಅದಕ್ಕೂ ಮೊದಲು ಕಡೂರು ತಾಲ್ಲೂಕಿನ ಪಂಚನಹಳ್ಳಿ ಸೀಮೆಯ ತೆಂಗಿನಕಾಯಿಯ ಮಾತು ಆಗಬೇಕು.

ತಿಪಟೂರು, ಅರಸೀಕೆರೆಗಳ ಹಾಗೆ ಇದೂ ಉಂಡೆ ಕೊಬ್ಬರಿಯ ನಾಡು. ಬಲಿತ ಕಾಯಿಯನ್ನು ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು-ಹನ್ನೆರಡು ತಿಂಗಳು ಅದು ಅಲ್ಲೇ ಕೂತಿರಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಳ್ಳಬೇಕು. ಒಡೆಯದೆ ಇದನ್ನು ತಿಳಿಯುವುದು ಕಿವಿಯಿಂದ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ‘ಗುಳುಕ್ ಗುಳುಕ್’ ಅಂದರೆ ನೀರಿದೆ, ಇನ್ನೂ ಕಾಯಬೇಕು. ‘ಲೊಡಲೊಡ’ ಅಂದರೆ ಗಿಟುಕು (ಒಣಗಿದ ತಿರುಳು) ಚಿಪ್ಪು ಬಿಟ್ಟಿದೆ, ಸುಲಿಯಬಹುದು. ಒಂದು ವರ್ಷದ ಬೆಳೆಯ ತೀರ್ಮಾನ ಎರಡು ಅನುಕರಣ ಪದಗಳ ಮೇಲೆ ನಿಂತಿದೆ. ಇಂಥ ಪದಗಳನ್ನು ಮಕ್ಕಳ ಭಾಷೆ ಎಂದು ಪಕ್ಕಕ್ಕಿಡುವವರು ಒಮ್ಮೆ ಆ ಅಟ್ಟ ಹತ್ತಬೇಕು.

ಹಾಗೆ ಪಕ್ಕಕ್ಕಿಡುವ ಪಂಥದ ಜೊತೆ ಈ ಅಂಕಣದ ಜಗಳ ಹಳೆಯದು. ‘ಕಾಯಿ ದೊಪ್ಪನೆ ಬಿತ್ತು’ ಎಂದು ಪ್ರಬಂಧದಲ್ಲಿ ಬರೆದ ಹುಡುಗನಿಗೆ ಕೆಂಪು ಗೆರೆ ಎಳೆದು ‘ದೊಡ್ಡ ಸದ್ದಿನೊಂದಿಗೆ ಬಿದ್ದಿತು’ ಎಂದು ತಿದ್ದುವ ಪಂಥ ಅದು. ತಿದ್ದಿದ ಮೇಲೆ ಉಳಿದದ್ದೇನು? ‘ಟಪ್’ ಎಂದರೆ ಹಗುರವಾದದ್ದು, ‘ದೊಪ್’ ಎಂದರೆ ತೂಕದ್ದು, ‘ಧಡಾರ್’ ಎಂದರೆ ಬಾಗಿಲೋ ಗೋಡೆಯೋ. ಬಿದ್ದ ವಸ್ತು ಯಾವುದು ಎನ್ನುವುದನ್ನು ಸ್ವರವೇ ಹೇಳಿಬಿಡುತ್ತದೆ. ಕಾಲ್ಗೆಜ್ಜೆ ಕಿಣಿಕಿಣಿ, ಗುಡಿಯ ಗಂಟೆ ಢಣಢಣ. ಇವೆರಡನ್ನು ಅದಲು ಬದಲು ಮಾಡಿ ಹೇಳುವ ಕನ್ನಡಿಗ ಯಾವ ಊರಿನಲ್ಲೂ ಸಿಗುವುದಿಲ್ಲ.

ಕಾಲದ ಲೆಕ್ಕವೂ ಇವಕ್ಕೆ ಗೊತ್ತು. ‘ಟಪ್’ ಒಂದೇ ಹನಿ, ‘ಟಪಟಪ’ ಸಾಲು ಹನಿ. ಕೊನೆಗೊಂದು ‘ಕ್’ ಹತ್ತಿದರೆ ಕೆಲಸ ಥಟ್ಟನೆ ಮುಗಿಯಿತು ಎಂದರ್ಥ: ಲಬಕ್, ಪಚಕ್, ಸರಕ್. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಗುಳಕ್ಕನೆ ನುಂಗುವುದು. ಸದ್ದೇ ಇಲ್ಲದ ಕಡೆಗೂ ಇವು ಹೋಗುತ್ತವೆ. ಒಗ್ಗರಣೆ ಘಮಘಮ, ದೀಪ ಮಿಣಮಿಣ, ಮಾಗಿಯ ಬೆಳಗು ಚುಮುಚುಮು, ಕೆಟ್ಟ ಸುದ್ದಿಗೆ ಎದೆ ಧಸಕ್. ಮೂಗು, ಕಣ್ಣು, ಚರ್ಮ, ಎದೆ ಎಲ್ಲಕ್ಕೂ ಕನ್ನಡ ಒಂದೊಂದು ನಾದ ಹುಡುಕಿಕೊಂಡಿದೆ. ಹೀಗಿರುವಾಗ ‘ಅನುಕರಣಾವ್ಯಯ’ ಎಂಬ ಒಂದು ತಲೆಬರಹದ ಕೆಳಗೆ ನಾಲ್ಕು ಉದಾಹರಣೆ ಕೊಟ್ಟು ಮುಂದಿನ ಪಾಠಕ್ಕೆ ಹೋಗುವುದು ಅನ್ಯಾಯ.

ನಾದದ ಮಾತು ಬಂದ ಮೇಲೆ ದೇವನೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದೂ ಕಡೂರು ತಾಲ್ಲೂಕೇ. ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು. ಅವನನ್ನು ಉಪಮಾಲೋಲ ಎಂದರು, ನಾದಲೋಲ ಎಂದೂ ಕರೆದರು. ಅವನು ಆರಿಸಿಕೊಂಡದ್ದು ವಾರ್ಧಕ ಷಟ್ಪದಿ: ಐದೈದು ಮಾತ್ರೆಯ ಗಣಗಳು, ಚಿಕ್ಕ ಸಾಲಿಗೆ ನಾಲ್ಕು, ಮೂರನೆಯ ಮತ್ತು ಆರನೆಯ ಸಾಲಿಗೆ ಆರು ಗಣದ ಮೇಲೊಂದು ಗುರು. ಯಾಗದ ಕುದುರೆಯ ಹಿಂದೆ ಹೊರಟ ಕಥೆಗೆ ಹೇಳಿ ಮಾಡಿಸಿದ ನಡೆ. ಯುದ್ಧ ಬಂದರೆ ಒತ್ತಕ್ಷರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಉಪವನ ಬಂದರೆ ಲಕಾರ ಳಕಾರಗಳು ಹರಿಯತೊಡಗುತ್ತವೆ. ಇದನ್ನು ಶಬ್ದಾಡಂಬರ ಎಂದು ಮೂಗು ಮುರಿದ ವಿಮರ್ಶಕರಿದ್ದಾರೆ. ಅವರು ಪುಸ್ತಕವನ್ನು ಕಣ್ಣಿನಲ್ಲಿ ಓದಿದವರು. ಓದು ಬರಹ ಬಾರದ ಹಳ್ಳಿಯ ಹಿರಿಯರ ಬಾಯಲ್ಲೂ ಅವನ ಚಂದ್ರಹಾಸ, ಸುಧನ್ವರ ಕಥೆಯ ಪದ್ಯಗಳು ಉಳಿದು ಬಂದದ್ದು ಗಮಕಿಗಳ ಕಂಠದಿಂದ, ಆ ನಾದದ ಬಲದಿಂದಲೇ. ಪಕ್ಕದ ತರೀಕೆರೆಯ ಕೆರೆ ಏರಿಯ ಮೇಲೆ ಮೂರು ಕರಿ ಕುರಿಮರಿ ಮೇಯಿಸಿ ಮಕ್ಕಳ ನಾಲಿಗೆ ಪಳಗಿಸುವ ಆಟವೂ ಇದೇ ಸೀಮೆಯ ಹೆಸರು ಹೊತ್ತಿದೆ.

ಇನ್ನು ಪಡ್ಡೆ ಮಾತು. ‘ಠುಸ್’ ಪಟಾಕಿ ಪರೀಕ್ಷೆಗೂ ಸಿನಿಮಾಕ್ಕೂ ಹತ್ತಿತು. ‘ಢಮಾರ್’ ಎಂದರೆ ಕೆಲಸ ಕೆಟ್ಟಿತು. ‘ಗುಳುಂ’ ಮುದ್ದೆಯ ತಟ್ಟೆಯಿಂದ ಸರ್ಕಾರದ ಖಜಾನೆಗೆ ನಡೆದು ಪತ್ರಿಕೆಗಳ ತಲೆಬರಹವಾಯಿತು. ‘ಕಿರಿಕ್’ 2016ರಲ್ಲಿ ಸಿನಿಮಾದ ಹೆಸರನ್ನೇ ಏರಿತು. ಮೋಟಾರ್ ಸೈಕಲ್ಲನ್ನು ‘ಫಟಫಟಿ’ ಎಂದದ್ದು, ಹುಕ್ಕವನ್ನು ‘ಗುಡುಗುಡಿ’ ಎಂದದ್ದು, ಬುಡಬುಡಿಕೆಯವರನ್ನು ಅವರ ಕೈಯ ವಾದ್ಯದಿಂದಲೇ ಗುರುತಿಸಿದ್ದು ಇದೇ ಬುದ್ಧಿ. ಹುಡುಗರು ಭಾಷೆ ಕೆಡಿಸುತ್ತಿಲ್ಲ, ಅಜ್ಜಿಯರ ಕಸುಬನ್ನು ಮುಂದುವರಿಸುತ್ತಿದ್ದಾರೆ.

ಜೋಡಿಪದದ ಚೇಷ್ಟೆಯನ್ನೂ ನೋಡಿ. ಹುಲಿಗಿಲಿ, ಕಾಫಿಗೀಫಿ. ಹ್ರಸ್ವಕ್ಕೆ ‘ಗಿ’, ದೀರ್ಘಕ್ಕೆ ‘ಗೀ’. ಶಾಲೆಯಲ್ಲಿ ಯಾರೂ ಕಲಿಸಿಲ್ಲ, ಯಾರೂ ತಪ್ಪುವುದಿಲ್ಲ. ಭಾಷಾವಿಜ್ಞಾನಿ ಎಂ. ಬಿ. ಎಮೆನೊ 1938ರಲ್ಲೇ ದ್ರಾವಿಡ ಜನಪದ ಕಥೆಗಳಲ್ಲಿ ಇಂಥ ಪ್ರತಿಧ್ವನಿ ಪದಗಳ ಪಾತ್ರದ ಬಗ್ಗೆ ಪ್ರಬಂಧ ಬರೆದರು.

ಇಂಥ ಪದಗಳನ್ನು ದಾಖಲಿಸುವ ಮಾತಿಗೆ ಬಂದರೆ, ಕಿಟ್ಟೆಲ್ 1894ರ ತಮ್ಮ ನಿಘಂಟಿನಲ್ಲಿ ಅನುಕರಣ ಪದಗಳಿಗೆ ಧಾರಾಳವಾಗಿ ಜಾಗ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾವ್ಯ, ಶಾಸನಗಳ ಪ್ರಯೋಗವನ್ನು ಆಧಾರವಾಗಿಟ್ಟುಕೊಂಡದ್ದು. ಬರಹಕ್ಕೆ ಇಳಿಯದ ಪದಕ್ಕೆ ಅಂಥ ನಿಘಂಟಿನಲ್ಲಿ ಪ್ರವೇಶ ಕಷ್ಟ. ಆದ್ದರಿಂದ ಪಂಚನಹಳ್ಳಿ, ಯಗಟಿ, ಸಿಂಗಟಗೆರೆ, ಅಜ್ಜಂಪುರದ ಓದುಗರಲ್ಲಿ ಒಂದು ಕೋರಿಕೆ. ದನ ಕರೆಯುವಾಗ, ಕೋಳಿ ಅಟ್ಟುವಾಗ, ಕಾಯಿ ಸುಲಿಯುವಾಗ, ಯಾರದೋ ಕಷ್ಟ ಕೇಳಿ ಲೊಚಗುಟ್ಟುವಾಗ ನಿಮ್ಮ ಮನೆಯಲ್ಲಿ ಬರುವ ಸದ್ದಿನ ಪದಗಳನ್ನು ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ, ಒಂದು ಹಾಳೆಯ ಮೇಲೆ ಬರೆದಿಡಿ. ಯಾವ ಊರಿನದು, ಯಾವ ಕೆಲಸದ್ದು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿ.