52.9 ಸೆಕೆಂಡಿನ ಸ್ಟೀವ್ ಕ್ಲಾರ್ಕ್

ಈಜು ಕ್ಲಬ್ಬಿನ ದೊಡ್ಡತನವನ್ನು ಅಲ್ಲಿಂದ ಬಂದ ಚಾಂಪಿಯನ್ನರ ಹೆಸರುಗಳಿಂದ ಅಳೆಯುವ ರೂಢಿ ಇದೆ. ನಾನು ರಿಲೇ ತಂಡಗಳನ್ನು ನೋಡುತ್ತೇನೆ. ಒಬ್ಬ ಪ್ರತಿಭಾವಂತ ಎಲ್ಲಿ ಬೇಕಾದರೂ ಹುಟ್ಟಬಹುದು. ಒಂದೇ ಕೊಳದಿಂದ ಮೂವರು ಬಂದರೆ ಅದು ಆ ಕೊಳದ ಸಾಧನೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಸ್ವಿಮ್ ಕ್ಲಬ್ಬನ್ನು ಜಾರ್ಜ್ ಹೇನ್ಸ್ ಕಟ್ಟಿದ್ದು 1951ರಲ್ಲಿ. ಅವರು ಆಗ ಅದೇ ಊರಿನ ಹೈಸ್ಕೂಲಿನಲ್ಲಿ ಈಜು ಕೋಚ್. ಒಂಬತ್ತೇ ವರ್ಷಕ್ಕೆ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಅವರ ಶಿಷ್ಯೆ ಕ್ರಿಸ್ ವಾನ್ ಸಾಲ್ಟ್ಜಾ ಮೂರು ಚಿನ್ನ ಗೆದ್ದಳು. ಒರೆಗಾನ್‌ನ ಹುಡುಗ ಡಾನ್ ಶೊಲಾಂಡರ್ ಹೇನ್ಸ್ ಬಳಿ ಕಲಿಯಲೆಂದೇ ಮನೆ ಬಿಟ್ಟು ಸಾಂಟಾ ಕ್ಲಾರಾಕ್ಕೆ ಬಂದ.

1964ರ ಟೋಕಿಯೊದಲ್ಲಿ ನಾಲ್ಕು ಚಿನ್ನ ಗೆದ್ದ ಹದಿನೆಂಟರ ಶೊಲಾಂಡರ್‌ನನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮನಸ್ಸು ಮಾತ್ರ ಸ್ಟೀವ್ ಕ್ಲಾರ್ಕ್ ಕಡೆಗೇ ಹೋಗುತ್ತದೆ. ಭುಜದ ನೋವಿನಿಂದಾಗಿ ಆಯ್ಕೆ ಸ್ಪರ್ಧೆಯಲ್ಲಿ ಹಿಂದೆ ಬಿದ್ದ ಕ್ಲಾರ್ಕ್‌ಗೆ 100 ಮೀಟರ್ ಫ್ರೀಸ್ಟೈಲಿನಲ್ಲಿ ಜಾಗ ಸಿಗಲಿಲ್ಲ. ಶೊಲಾಂಡರ್ ಅದನ್ನು 53.4 ಸೆಕೆಂಡಿನಲ್ಲಿ ಗೆದ್ದ. ಎರಡು ದಿನದ ನಂತರ 4x100 ರಿಲೇಯ ಮೊದಲಿಗನಾಗಿ ಧುಮುಕಿದ ಕ್ಲಾರ್ಕ್ 52.9ಕ್ಕೆ ಗೋಡೆ ಮುಟ್ಟಿದ, ವಿಶ್ವದಾಖಲೆಗೆ ಸರಿಸಮ! ರಿಲೇಯಲ್ಲಿ ಉಳಿದವರು ಸಂಗಾತಿ ಬರುವುದನ್ನು ನೋಡಿಕೊಂಡು ಹಾರುತ್ತಾರೆ. ಮೊದಲಿಗ ಹಾರುವುದು ಪಿಸ್ತೂಲಿನ ಸದ್ದಿಗೇ, ಹಾಗಾಗಿ ಅವನ ಸಮಯ ದಾಖಲೆಗೆ ಯೋಗ್ಯ. ಮೆಡ್ಲೆ ರಿಲೇಯ ಫ್ರೀಸ್ಟೈಲ್ ಪಾಳಿಗೆ 100 ಮೀಟರಿನ ವಿಜೇತನ ಬದಲು ಕ್ಲಾರ್ಕ್‌ನನ್ನೇ ಆರಿಸಿದರು. ಶೊಲಾಂಡರ್‌ನ ಐದನೇ ಚಿನ್ನ ತಪ್ಪಿದ್ದು ತನ್ನದೇ ಕ್ಲಬ್ಬಿನ ಗೆಳೆಯನಿಂದ. ಆ ಆಯ್ಕೆ ಸರಿಯಾಗಿತ್ತು ಎಂಬುದೇ ನನ್ನ ದೃಢ ಅಭಿಪ್ರಾಯ: ಅಮೆರಿಕ 3:58.4ರಲ್ಲಿ ಮುಗಿಸಿತು, ನಾಲ್ಕು ನಿಮಿಷದೊಳಗೆ ಬಂದ ಮೊದಲ ತಂಡವಾಯಿತು. 4x200 ರಿಲೇ ಗೆದ್ದ ನಾಲ್ವರಲ್ಲಿ ಕ್ಲಾರ್ಕ್, ಗ್ಯಾರಿ ಇಲ್ಮನ್, ಶೊಲಾಂಡರ್ ಮೂವರೂ ಸಾಂಟಾ ಕ್ಲಾರಾದವರು. ಅಪೆಂಡಿಸೈಟಿಸ್ ನೋವಿದ್ದರೂ ಶಸ್ತ್ರಚಿಕಿತ್ಸೆ ಬೇಡವೆಂದು 400 ಮೀಟರ್ ಮೆಡ್ಲೆಯನ್ನು ವಿಶ್ವದಾಖಲೆಯಲ್ಲಿ ಗೆದ್ದ ಡಿಕ್ ರೋತ್ ಕೂಡ ಇದೇ ಕ್ಲಬ್ಬಿನವನು.

ಮಾರ್ಕ್ ಸ್ಪಿಟ್ಜ್ ಹದಿಹರೆಯದಲ್ಲಿ ಇಲ್ಲೇ ಬೆಳೆದ. 1972ರ ಏಳು ಚಿನ್ನದ ಹೊತ್ತಿಗೆ ಅವನು ಹೇನ್ಸ್ ಗರಡಿ ಬಿಟ್ಟಾಗಿತ್ತು. ಆ ಪದಕಗಳನ್ನು ಕ್ಲಬ್ಬಿನ ಲೆಕ್ಕಕ್ಕೆ ಹಾಕಲು ನಾನು ಒಪ್ಪುವುದಿಲ್ಲ, ಹಾಕುವ ಅಗತ್ಯವೂ ಇಲ್ಲ. 1968ರ ಮೆಕ್ಸಿಕೊದಲ್ಲಿ ಮಹಿಳೆಯರ 400 ಮೀಟರ್ ಮೆಡ್ಲೆಯ ಫಲಿತಾಂಶ ನೋಡಿ. ಟೋಕಿಯೊದಲ್ಲಿ ಹದಿನಾಲ್ಕರ ಹುಡುಗಿಯಾಗಿ ಬ್ರೆಸ್ಟ್‌ಸ್ಟ್ರೋಕಿನಲ್ಲಿ ಬೆಳ್ಳಿ ಗೆದ್ದಿದ್ದ ಕ್ಲಾಡಿಯಾ ಕೋಲ್ಬ್ ಈ ಸಲ ನಾಲ್ಕೂ ಶೈಲಿಗಳ ಸ್ಪರ್ಧೆಯನ್ನು 5:08.5ರಲ್ಲಿ ಗೆದ್ದಳು, ಎರಡನೆಯವಳಿಗಿಂತ 13.7 ಸೆಕೆಂಡು ಮುಂದೆ. ಆ ಎರಡನೆಯವಳು ಲಿನ್ ವಿಡಾಲಿ. ಅವಳೂ ಹೇನ್ಸ್ ಶಿಷ್ಯೆ.